ಅಪ್ಪನ ಹೆಸರು ಕಡ್ಡಾಯ

ಹಾಸ್ಟೆಲ್ ಅರ್ಜಿಯ ಪ್ರೋಗ್ರಾಮ್ ಬರೆದವನು ನಾನು. ಅದರಲ್ಲಿ ಎರಡು ಕ್ಲಾಸುಗಳು, ಅಂದರೆ ಅರ್ಜಿದಾರರ ವರ್ಗಗಳು: 'ವಿದ್ಯಾರ್ಥಿ', 'ಅನಾಥ ವಿದ್ಯಾರ್ಥಿ'. ಎರಡನೆಯವರಿಗೆ ಅಪ್ಪನ ಹೆಸರು ಕೇಳಬಾರದು. ಬಂದ ಅರ್ಜಿಯನ್ನು ಪ್ರೋಗ್ರಾಮ್ ಈ ವರ್ಗಗಳ ಪಟ್ಟಿಯೊಂದಿಗೆ ಮೇಲಿನಿಂದ ಕೆಳಕ್ಕೆ ಹೊಂದಿಸಿ ನೋಡುತ್ತದೆ, ಮೊದಲು ಹೊಂದಿದಲ್ಲೇ ನಿಂತುಬಿಡುತ್ತದೆ. ನಾನು 'ವಿದ್ಯಾರ್ಥಿ'ಯನ್ನು ಮೇಲಿಟ್ಟಿದ್ದೆ. ಅನಾಥರೂ ವಿದ್ಯಾರ್ಥಿಗಳೇ ಅಲ್ಲವೇ, ಕೆಳಗಿನ ಸಾಲಿಗೆ ಯಾರೂ ತಲುಪಲೇ ಇಲ್ಲ. ಬರೆದದ್ದನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ ಎಚ್ಚರಿಸಿತ್ತು, ನಾನು ಓದುವ ಗೋಜಿಗೆ ಹೋಗಿರಲಿಲ್ಲ.

ಸದ್ದಿಲ್ಲದೆ ಸರಿಪಡಿಸಿ ಬರೋಣವೆಂದು ಹಾಸ್ಟೆಲ್ಲಿಗೆ ಹೋದರೆ, ವಾರ್ಡನ್ ಹುಡುಗಿಯೊಬ್ಬಳನ್ನು ಗದರುತ್ತಿದ್ದರು.

"ಅನಾಥಾಶ್ರಮದ ಪತ್ರ ತಂದಿದ್ದೀಯ, ಅರ್ಜಿಯಲ್ಲಿ ಅಪ್ಪನ ಹೆಸರಿದೆ. ಯಾವುದಮ್ಮ ಸುಳ್ಳು?"

ತಪ್ಪು ತಿದ್ದುವ ನೆಪದಲ್ಲಿ ಕಂಪ್ಯೂಟರಿನತ್ತ ಮುಖ ಮಾಡಿ ಕುಳಿತೆ.

"ಮೂರು ಸಲ ಖಾಲಿ ಬಿಟ್ಟೆ ಮೇಡಂ. 'ಅಪ್ಪನ ಹೆಸರು ಕಡ್ಡಾಯ' ಅಂತ ಕೆಂಪಕ್ಷರದಲ್ಲಿ ಬರ್ತಾನೇ ಇತ್ತು. ಅವತ್ತೇ ಕೊನೇ ದಿನ."

"ಅದಕ್ಕೆ ಯಾರದೋ ಹೆಸರು ಹಾಕಿಬಿಡೋದಾ? ಯಾರಿವರು?"

"ಗೊತ್ತಿಲ್ಲ ಮೇಡಂ. ಪರದೆಯ ಕೆಳಗಡೆ ಸಣ್ಣಕ್ಷರದಲ್ಲಿ, ಈ ಪ್ರೋಗ್ರಾಮ್ ಬರೆದವರು ಅಂತ ಒಂದು ಹೆಸರಿತ್ತು. ಅವರ ಹೆಸರೇ ಹಾಕಿದೆ."