ಸಾಕಿದ ಕುದುರೆ

ಕುದುರೆ ಈ ಸಲವೂ ಓರ್ಲಾಳನ್ನು ದಾಟಿಕೊಂಡು ಫಿಂಟನ್ ಹತ್ತಿರವೇ ಬಂದು, ಅವನ ಭುಜಕ್ಕೆ ಮೂತಿ ಉಜ್ಜಿತು. ಶಾಲೆಯಲ್ಲಿ ಯಾರೂ ಜೊತೆಗೆ ಸೇರಿಸಿಕೊಳ್ಳದ ಆ ಹುಡುಗಿ ಬಯಲಿನ ನಡುವೆ ಕೈ ಇಳಿಬಿಟ್ಟು ನಿಂತಳು. "ನೋಡಿದ್ರಾ, ಅದಕ್ಕೂ ನಾನು ಬೇಡ."

ಬೇಲಿಯಾಚೆ ಬ್ರೀಡ್ ನಕ್ಕಳು. ಕುದುರೆಗಳ ಒಡನಾಟದಲ್ಲಿ ಮಕ್ಕಳಿಗೆ ಕಲಿಸುವವರನ್ನು ತಯಾರು ಮಾಡುವವಳು ಅವಳು. ಕಿಲ್ಡೇರ್‌ನ ಕುದುರೆ ರೇಸುಗಳಲ್ಲಿ ಸವಾರನಾಗಿ ಹೆಸರು ಮಾಡಿ ಬಂದ ಫಿಂಟನ್‌ಗೆ ಇವತ್ತು ಅವಳ ತರಬೇತಿಯ ಕೊನೆಯ ಪರೀಕ್ಷೆ. "ಏನಯ್ಯಾ ಜಾಕಿ, ಇಲ್ಲಿ ಪಾಠ ನಿನಗೋ, ಆ ಮಗೂಗೋ?"

"ನಾನು ಬಾಟಲಿ ಹಾಲು ಕುಡಿಸಿ ಸಾಕಿದ್ದು ಕಣಮ್ಮ. ನನ್ನ ಬಿಟ್ಟು ಎಲ್ಲಿಗೆ ಹೋಗುತ್ತೆ?" ಹೆಮ್ಮೆಯಿಂದ ಹೇಳಿದವನ ಕಣ್ಣು ಹುಡುಗಿಯ ಮುಖದ ಮೇಲೆ ಬಿತ್ತು. ಒಂದು ಸೀಟಿ ಹೊಡೆದರೆ ಸಾಕು, ಕುದುರೆ ಅವಳ ಪಕ್ಕಕ್ಕೆ ಹೋಗಿ ನಿಲ್ಲುತ್ತಿತ್ತು. ಆದರೆ ಅವನ ಸೀಟಿಗೆ ಹೋದ ಕುದುರೆ ಅವಳದಾಗುತ್ತಿರಲಿಲ್ಲ.

ಫಿಂಟನ್ ಆ ಮೂತಿಯನ್ನು ಮೆಲ್ಲಗೆ ಸರಿಸಿ, ಬೇಲಿ ದಾಟಿ, ಬೆನ್ನು ತಿರುಗಿಸಿ ನಿಂತ. ಹಿಂದಿನಿಂದ ಅದು ಕೆನೆದು ಕರೆಯಿತು. ಅವನು ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಗೊರಸಿನ ಸಪ್ಪಳ ನಿಧಾನವಾಗಿ ದೂರವಾಯಿತು.

"ಥೂ, ನನ್ನ ಕೂದಲು ತಿನ್ಬೇಡ ಕಣೋ!" ಓರ್ಲಾ ಕಿರುಚಿ ನಕ್ಕಳು.

"ತಿರುಗಿ ನೋಡಲ್ವಾ?" ಎಂದಳು ಬ್ರೀಡ್.

"ನೋಡಿದ್ರೆ ವಾಪಸ್ ಬಂದ್ಬಿಡುತ್ತೆ," ಎಂದ ಫಿಂಟನ್.