ಕೊನೆಗೆ ಮುಟ್ಟಿದವಳು

"ಕೊನೆಗೆ ಮುಟ್ಟಿದ್ದು ನೀನೇ ತಾನೇ?" ಮ್ಯಾನೇಜರು ಇಡೀ ಆಫೀಸಿಗೆ ಕೇಳುವಂತೆ ಗದರಿದರು. "ಇನ್ನೂ ಪರ್ಮನೆಂಟ್ ಆಗಿಲ್ಲ, ಆಗ್ಲೇ ಪ್ರಿಂಟರ್ ಹಾಳು ಮಾಡಿದೀಯ. ನಾಳೆಯಿಂದ ಬರೋದೇ ಬೇಡ."

"ಒಂದು ಹಾಳೆ ತೆಗೆದೆ ಅಷ್ಟೇ ಸರ್. ರಿಪೇರಿಯವ್ರು ನೋಡ್ಲಿ, ಆಮೇಲೆ ಬೈಯಿರಿ," ಎಂದಳು ವಿನುತಾ. ಜೊತೆಯವರೆಲ್ಲ ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿ ಕೂತಿದ್ದರು.

ರಿಪೇರಿಯವನು ಬಂದು ಪ್ರಿಂಟರಿನ ಮುಚ್ಚಳ ತೆಗೆದು, ರೋಲರಿನ ಸಂದಿಯಿಂದ ಕುಂಕುಮ ಮೆತ್ತಿದ ಅಕ್ಕಿಕಾಳುಗಳನ್ನು ಒಂದೊಂದಾಗಿ ಹೆಕ್ಕಿ ಅಂಗೈಯಲ್ಲಿಟ್ಟುಕೊಂಡ.

"ಆಯುಧಪೂಜೆ ಜೋರಾಗೇ ಮಾಡಿದೀರ! ಅದ್ಯಾರು ಸ್ವಾಮಿ, ಇದರ ಬಾಯಿಗೇ ಅಕ್ಷತೆ ಸುರಿದಿದ್ದು?"

ಎಲ್ಲರ ಕಣ್ಣೂ ಮ್ಯಾನೇಜರ ಕಡೆ ಹೊರಳಿತು. ಕಳೆದ ವಾರ ಮಂಗಳಾರತಿ ಎತ್ತಿ, ಹಿಡಿ ಹಿಡಿಯಾಗಿ ಅಕ್ಷತೆ ಎರಚಿದ್ದು ಅವರೇ.

"ಈಗ ಹೇಳಿ ಸರ್, ತಪ್ಪು ಯಾರದು?" ವಿನುತಾ ಬಿಡಲಿಲ್ಲ.

ಮ್ಯಾನೇಜರು ಒಂದು ಕಾಳು ಎತ್ತಿ ಕಣ್ಣಿಗೊತ್ತಿಕೊಂಡು, ಮೊದಲಿಗಿಂತ ಜೋರಾಗಿ ಕೂಗಿದರು.

"ನಿಂದೇ! ನಂಗೆ 'ಬೇಡ ಸರ್' ಅಂತ ಹೇಳೋಳು ಈ ಆಫೀಸಲ್ಲಿ ನೀನೊಬ್ಳೇ. ಪೂಜೆ ದಿನವೇ ಯಾಕೆ ರಜಾ ಹಾಕಿದ್ದೆ?"