ನಟ್ಟಿನ ಮೇಲಿನ ವಿಭೂತಿ

ಡ್ರೈವರ್ ಹುಚ್ಚಪ್ಪ ಕಾರಿನ ಮೊದಲನೆಯ ಪ್ಲಗ್ಗಿನ ವೈರು ಕಿತ್ತು, ಕುಳಿಯೊಳಗೆ ಬೆರಳು ಇಳಿಸಿದ. ಉಗುರು ಮುಳುಗುವಷ್ಟು ಎಣ್ಣೆ. ಪ್ಲಗ್ಗು ಬಿಚ್ಚಿ ತುದಿ ನೋಡಿದರೆ ಅದು ಒಣಗಿತ್ತು. ಒಳಗೆ ಒಣ, ಹೊರಗೆ ರಾಡಿ. ಇದು ಹೇಗೆ?

“ಎಣ್ಣಿ ಎಲ್ಲಿ ಹೊಂಟೈತಿ?” ಕಾರಿನ ಮಾಲೀಕ ಕುಬೇರಪ್ಪ ಕಟ್ಟೆಯ ಮೇಲಿಂದ ಕೇಳಿದ. ಚಕ್ಕಡಿ ಬಿಟ್ಟು ಅಂಬಾಸಿಡರ್ ಹತ್ತಿ ಅವನಿಗೆ ಇನ್ನೂ ವರ್ಷ ತುಂಬಿರಲಿಲ್ಲ.

“ಪ್ಲಗ್ಗಿನ ಸುತ್ತ ಸೋರಾಕತ್ತೈತ್ರಿ ಧಣ್ಯಾರ. ಅದಕ್ಕ ಏರಿನ್ಯಾಗ ಗಾಡಿ ಜಗ್ಗವಲ್ದು.”

“ಸೋರತೈತೋ, ಟ್ರ್ಯಾಕ್ಟರ್‌ನವರಿಗೆ ಮಾರತೀಯೋ? ಅಮಾಸಿ ತನಕ ನೋಡತೇನಿ. ಅಷ್ಟರಾಗ ನಿಂದರಲಿಲ್ಲಂದ್ರ ಚಾವಿ ಇಟ್ಟು ನಡಿ. ಕೇರ್ಯಾಗಿನ ಹುಡುಗನ ಕೈಯಾಗ ಸ್ಟೇರಿಂಗ್ ಕೊಟ್ಟಿ ಅಂತ ಮಂದಿ ಮೊದಲ ನಗತಾರ.”

ಕಳ್ಳ ಎಂದು ಬಾಯಿ ಬಿಟ್ಟು ಅನ್ನಲಿಲ್ಲ ಅಷ್ಟೇ. ಆ ಹೆಸರು ಹೊತ್ತು ಹೊರಬಿದ್ದರೆ ಮಿಶ್ರಿಕೋಟಿಯ ಸುತ್ತ ಯಾರೂ ತನಗೆ ಗಾಡಿ ಕೊಡುವುದಿಲ್ಲ ಎನ್ನುವುದು ಹುಚ್ಚಪ್ಪನಿಗೆ ಗೊತ್ತಿತ್ತು. ಆದರೂ ಅವನ ತಲೆ ಕೊರೆಯುತ್ತಿದ್ದುದು ಬೇರೆ. ಎಣ್ಣೆ ಬರುವುದು ಎಲ್ಲಿಂದ?

ಪ್ರತಿ ಸೋಮವಾರ ಕಾರಿಗೆ ಪೂಜೆ. ಆ ವಾರವೂ ನಸುಕಿನಲ್ಲೇ ಅವನು ಎಂಜಿನ್ನನ್ನು ಚಿಮಣಿ ಎಣ್ಣೆಯಿಂದ ತಿಕ್ಕಿ ಒರೆಸಿದ. ಬಾನೆಟ್ ಎತ್ತಿಟ್ಟು ಬಣವೆಯ ಆಚೆ ಹೋಗಿ ನಿಂತ. ಎಂಜಿನ್ನಿನ ಮಸಿಗೆ ಅವನ ಕೈ ನಡೆಯುತ್ತಿತ್ತು. ಪೂಜೆಯ ಹೊತ್ತಿಗೆ ನೆರಳೂ ನಡೆಯುತ್ತಿರಲಿಲ್ಲ. ಕುಬೇರಪ್ಪ ಮೈ ತೊಳೆದುಕೊಂಡು ಬಂದ. ತಟ್ಟೆಯಲ್ಲಿ ಕಾಯಿ, ಪತ್ರಿ, ಊದಿನಕಡ್ಡಿ, ನಟ್ಟು ತಿರುವುವ ಒಂದು ಪಾನಾ. ಎಂಜಿನ್ನಿನ ಮಗ್ಗುಲಿಗೆ, ಪ್ಲಗ್ಗುಗಳ ಮೇಲ್ಗಡೆ, ಮೂರು ಬೆರಳಿನಿಂದ ಉದ್ದಕ್ಕೂ ವಿಭೂತಿ ಎಳೆದ.

ಹುಬ್ಬಳ್ಳಿಗೆ ಹೋಗಿ ಬಂದ ಮೇಲೆ ಹುಚ್ಚಪ್ಪ ಬಾನೆಟ್ ಎತ್ತಿದ. ವಿಭೂತಿಯ ಮೂರೂ ಗೆರೆ ಎರಡು ಕಡೆ ಮುರಿದಿದ್ದವು. ಎಣ್ಣೆ ಪ್ಲಗ್ಗಿನಿಂದ ಬಂದಿರಲಿಲ್ಲ. ಎಂಜಿನ್ನಿನ ಮೇಲಿನ ಮುಚ್ಚಳದ ಸಂದಿಯಿಂದ ಹೊರಟು, ಬಿಳಿಯನ್ನು ಕೊರೆದುಕೊಂಡು ಕುಳಿಗೆ ಇಳಿದಿತ್ತು. ಇಷ್ಟು ದಿನ ಒರೆಸಿದ್ದೇ ಆಗಿತ್ತು, ದಾರಿ ಕಂಡಿರಲಿಲ್ಲ. ಅವನಿಗೆ ನಗು ಬಂತು.

ಕಲಘಟಗಿಯ ಮೆಕ್ಯಾನಿಕ್ ಅಬ್ದುಲಗನಿ ಮುಚ್ಚಳದ ಎರಡೂ ನಟ್ಟು ಬಿಚ್ಚಿದ. ಕೆಳಗಿನ ಬೆಂಡಿನ ಪ್ಯಾಕಿಂಗ್ ಹಪ್ಪಳದಂತೆ ಮುರಿದು ಕೈಗೆ ಬಂತು. ಮುಚ್ಚಳದ ಅಂಚು ಡೊಂಕಾಗಿತ್ತು.

“ಮೊನ್ನೆ ಹಾಕಿದ ಪ್ಯಾಕಿಂಗೋ ಇದು! ಯಾವ ಪೈಲ್ವಾನ ಬಿಗಿ ಮಾಡ್ಯಾನಲೇ? ಬೆರಳಲೇ ತಿರುವಿ, ಮ್ಯಾಲ ಇಷ್ಟ ಪಾನಾ ತೋರಿಸಿದ್ರ ಸಾಕು.”

“ನಾ ಆ ನಟ್ಟು ಮುಟ್ಟೇ ಇಲ್ಲ ಭಾಯ್.”

“ಮತ್ತ ನಿಮ್ಮ ಧಣ್ಯಾರ ಮನಿ ದೇವ್ರು ಬಂದು ತಿರುವಿ ಹೋದನೇನ?”

ಹುಚ್ಚಪ್ಪ ನಗಲು ಹೋಗಿ ನಿಲ್ಲಿಸಿದ. ಪೂಜೆ ಮುಗಿದ ಮೇಲೆ ತಟ್ಟೆಯಲ್ಲಿ ಕಂಡಿದ್ದ ಪಾನಾ ನೆನಪಾಯಿತು. ಪೂಜೆಗೆ ಇಟ್ಟಿದ್ದು ಅಂದುಕೊಂಡಿದ್ದ. ಚಕ್ಕಡಿಯ ಕಾಲದಲ್ಲಿ ಹುಚ್ಚಪ್ಪನ ಅಪ್ಪ ಎತ್ತು ಹಿಡಿದು ನಿಲ್ಲುತ್ತಿದ್ದ; ಕುಬೇರಪ್ಪ ಗಾಲಿಗೆ ವಿಭೂತಿ ಹಚ್ಚಿ, ಹಾದಿಯಲ್ಲಿ ಕಳಚದಿರಲೆಂದು ಗಾಲಿಯ ಕೀಲಿಗೆ ಕಲ್ಲಿನಿಂದ ಒಂದು ಏಟು ಹಾಕಿದ ಮೇಲೆಯೇ ಹತ್ತುತ್ತಿದ್ದ. ಚಕ್ಕಡಿ ಹೋಗಿತ್ತು. ಏಟು ಹೋಗಿರಲಿಲ್ಲ.

“ತಿರುವಬ್ಯಾಡ್ರಿ ಅಂತ ಹೇಳಿಬಿಡು,” ಎಂದ ಅಬ್ದುಲಗನಿ, ಪಾನಾದ ಸಂಗತಿ ಕೇಳಿ.

“ಹೇಳಿದ್ರ, ಪೂಜಾದಾಗ ಇಣುಕಿದಿ ಏನ್ಲೇ ಅಂತ ಅವತ್ತ ಚಾವಿ ಕಸಗೋತಾರ.”

“ಹಂಗಾರ ಈ ಹೊಸಾ ಪ್ಯಾಕಿಂಗಿನ ಆಯುಷ್ಯ ಸೋಮವಾರದ ತನಕ,” ಎನ್ನುತ್ತ ಅಬ್ದುಲಗನಿ ಕಟ್ಟಿಗೆಯ ಕೊಡತಿಯಿಂದ ಮುಚ್ಚಳ ಬಡಿದು ನೆಟ್ಟಗೆ ಮಾಡಿದ.

ಆ ಸೋಮವಾರ ನಸುಕಿನಲ್ಲಿ ಹುಚ್ಚಪ್ಪ ಎಂಜಿನ್ ಒರೆಸುವ ಮುಂಚೆ, ಮಗ್ಗುಲಿಗೆ ಅಂಟಿ ಒಣಗಿದ್ದ ವಿಭೂತಿಯನ್ನು ಉಗುರಿನಿಂದ ಕೆರೆದ. ಒರೆಸಿ ಮುಗಿದ ಮೇಲೆ ಅದನ್ನು ಅಂಗೈಯಲ್ಲಿ ನೀರು ಹನಿಸಿ ಕಲೆಸಿ, ಎರಡೂ ನಟ್ಟಿನ ತಲೆಗೆ ಒಂದೊಂದು ಬೊಟ್ಟು ಒತ್ತಿದ. ಯಾವ ಸೋಪಿಗೂ ಬಿಡದ ಬೆರಳಿನ ಮಸಿ ಬೆರೆತು ಬೊಟ್ಟು ಬೂದಿ ಬಣ್ಣಕ್ಕೆ ತಿರುಗಿತು. ಬಾನೆಟ್ ಎತ್ತಿಟ್ಟು ಬಣವೆಯ ಹಿಂದೆ ಹೋದ. ಈ ಸಲ ಇಣುಕಿದ.

ಕುಬೇರಪ್ಪ ಗೆರೆ ಎಳೆದ. ಊದಿನಕಡ್ಡಿ ಬೆಳಗಿದ. ಪಾನಾ ಎತ್ತಿಕೊಂಡು ನಟ್ಟಿನವರೆಗೆ ಒಯ್ದು ನಿಂತುಬಿಟ್ಟ.

“ಹುಚ್ಚ್ಯಾ!”

“ಏನ್ರಿ ಧಣ್ಯಾರ?” ಹುಚ್ಚಪ್ಪ ಬಣವೆಯ ಹಿಂದಿನಿಂದಲೇ ಓಗೊಟ್ಟ.

“ಈ ನಟ್ಟಿಗೆ ವಿಭೂತಿ ಯಾರ ಹಚ್ಯಾರ?”

“ನಿಮ್ಮ ಕೈ ಬಿಟ್ರ ಅಲ್ಲಿ ವಿಭೂತಿ ಹಚ್ಚಾಕ ಇನ್ನ ಯಾರ ಕೈ ನಡೀತೈತ್ರಿ?”

ಕುಬೇರಪ್ಪ ಬೊಟ್ಟನ್ನು ಬಗ್ಗಿ ನೋಡಿದ. ಹೋದ ವಾರ ತಾನೇ ಹಚ್ಚಿ ಮರೆತಿರಬೇಕು. ವಿಭೂತಿಯ ಮೇಲೆ ಕಬ್ಬಿಣ ಒತ್ತಲು ಕೈ ಏಳಲಿಲ್ಲ. ಪಾನಾ ತಟ್ಟೆಗೆ ಮರಳಿತು.

ಅಮಾವಾಸ್ಯೆಯ ದಿನ ಹುಬ್ಬಳ್ಳಿಯಿಂದ ಬಂದು, ಎಂಜಿನ್ ಆರುವ ತನಕ ಕಾದು, ಕುಬೇರಪ್ಪನೇ ಪ್ಲಗ್ಗಿನ ಕುಳಿಯಲ್ಲಿ ಬೆರಳು ಆಡಿಸಿದ. ಬರೀ ಧೂಳು. ಮೂರೂ ಗೆರೆ ಎಳೆದ ಹಾಗೇ ಇದ್ದವು.

“ನೋಡಿದಿ? ಭಕ್ತಿಲೇ ಹಚ್ಚಿದ್ರ ಎಣ್ಣಿ ಸೈತ ನಿಂದರತೈತಿ. ಚಾವಿ ನಿನ್ನ ಕಡೆನ ಇರಲಿ.”

“ಹೌದ್ರಿ,” ಎಂದ ಹುಚ್ಚಪ್ಪ.

ಕುಬೇರಪ್ಪ ನಟ್ಟಿನ ಮೇಲಿನ ಬೊಟ್ಟಿಗೆ ಹೆಬ್ಬೆರಳು ಒತ್ತಿ, ಕಣ್ಣು ಮುಚ್ಚಿ, ಅದನ್ನು ಹಣೆಗೆ ಹಚ್ಚಿಕೊಂಡ. ಹಣೆಯ ಬಿಳಿ ಗೆರೆಗಳ ನಡುವೆ ಹುಚ್ಚಪ್ಪನ ಬೆರಳಿನ ಮಸಿ ಎದ್ದು ಕಾಣುತ್ತಿತ್ತು.